ನಾ ಬಿಟ್ಟ ಕೈ

೨೪ ಜುಲೈ ೨೦೨೪, ಬುಧವಾರ. ಬೈಲಹೊಂಗಲ

ಚಷ್ಮಾದ ಅಂಗಡ್ಯಾಗ ಇವತ್ತ ಹನ್ನೊಂದ ಮಂದಿ ಕಣ್ಣು ಚೆಕ್ ಮಾಡಿದೆ. ದೇಗಾಂವದ ಮುದುಕ ಒಬ್ಬಾಂವ, ಯಾವ ಗ್ಲಾಸ್ ಹಾಕಿದ್ರೂ ಸ್ವಚ್ಛ ಕಾಣತೈತಿ ಅಂತಾನ. ತನ್ನ ಪಾಳಿ ಬರೂತನಕಾ ಉಳದಾವ್ರು ಓದೂದು ಕೇಳಿ ಕೇಳಿ ಬೋರ್ಡು ಬಾಯಿಪಾಠ ಆಗಿತ್ತು. ಕಣ್ಣು ಮುಚ್ಚಿಸಿದೆ. ಆಗ್ಲೂ ಓದಿದ. ನಗು ಬಂತು.

ಸ್ನೇಹಲ್‌ನ ಸಾಲಿ ಟ್ರಿಪ್ ನವಿಲುತೀರ್ಥಕ್ಕ. ಡ್ಯಾಮ್. ಸಹಿ ಮಾಡಲಿಲ್ಲ. ಮಗಳು ಉಣ್ಣದ ಮಕ್ಕೊಂಡಾಳ. ಹೆಂಡತಿ ದುರ್ಗಾಗ ಕಾರಣ ಗೊತ್ತೈತಿ.

ಆಗಸ್ಟ್ ಹನ್ನೊಂದು ಹತ್ರ ಬಂತು. ಮೂವತ್ತೇಳು ವರ್ಷ. ರಾಣಿಗೆ ಆಗ ನಾಕು, ನನಗ ಆರು. ಸುರೇಬಾನದ ಹಳ್ಳ ತುಂಬಿತ್ತು. ದಂಡಿಗೆ ನಾವಿಬ್ರ. ತಂಗಿ ಕೈ ನನ್ನ ಕೈಯಾಗಿಂದ ಜಾರೂದು... ತೊಯ್ದ ಬೆರಳು. ನೀರಿನ ಮ್ಯಾಲ ಒಂದ ಚಪ್ಲಿ. ನಿನ್ನಿ ನೋಡಿದ್ಹಾಂಗ ಐತಿ.

೨೮ ಜುಲೈ, ರವಿವಾರ

ಅವ್ವನ ಪೆನ್ಶನ್‌ಗೆ ವಯಸ್ಸಿನ ದಾಖಲೆ ಬೇಕಂತ. ಅಕಿ ಟ್ರಂಕ್ ತಗದು ಹುಡಕಾಕ ಕುಂತೆ. ತಳದಾಗ ಒಂದ ಕಾರ್ಡು. ರಾಮದುರ್ಗದ ದವಾಖಾನಿದು.

ಗುರುನಾಥ ಮಾಳಪ್ಪ. ವಯಸ್ಸು ೬. ಟೈಫಾಯ್ಡ್. ಅಡ್ಮಿಟ್ ೮-೮-೮೭. ಡಿಸ್ಚಾರ್ಜ್ ೧೬-೮-೮೭.

ನಾನ. ಮೂರ ಸಲ ಓದಿದೆ. ರಾಣಿ ಹೋಗಿದ್ದು ಹನ್ನೊಂದಕ್ಕ.

ಬರಿಯೂದ್ರಾಗ ತಪ್ಪಿರಬೇಕು ಅನಕೊಂಡೆ. ಹಿಂದ ಹೊರಳಿಸಿದ್ರ ದಿನಾ ನೋಡಿದ ಜ್ವರದ ಲೆಕ್ಕ. ಹನ್ನೊಂದರ ಮುಂದ ೧೦೪. ಆ ದಿನ ಯಾರೋ ರಾಮದುರ್ಗದಾಗ ನನ್ನ ಜ್ವರಾ ನೋಡ್ಯಾರ.

೨೯ ಜುಲೈ, ಮಧ್ಯಾಹ್ನ

ಅಂಗಡಿಗೆ ಹೋಗಲಿಲ್ಲ. ಕಾರ್ಡು ಅವ್ವನ ಮುಂದ ಇಟ್ಟೆ. ಸೆರಗಿನ ಅಂಚು ತಿಕ್ಕಿದಳು. ಆಮ್ಯಾಲ ಎಲ್ಲಾ ಹೇಳಿದಳು.

ಅಕಿ ನನ್ನ ಕಡೆ ದವಾಖಾನ್ಯಾಗ ಇದ್ಲು. ಮನ್ಯಾಗ ರಾಣಿನ್ನ ನೋಡಕೋಬೇಕಾದಾಂವ ಅಣ್ಣ ಕಲ್ಮೇಶ. ಆಗ ಹದಿಮೂರ ವರ್ಷ ಅವಗ. ಗೆಳ್ಯಾರ ಕೂಡ ಈಜಾಕ ಹೋದ, ತಂಗಿನ್ನ ದಂಡಿಗೆ ಕುಂಡ್ರಿಸಿ ಮರತ. ಅಪ್ಪ ಗೋವಾಕ್ಕ ದುಡ್ಯಾಕ ಹೋಗಿದ್ದ. ಸುದ್ದಿ ತಡಾ ಮುಟ್ಟಿತು. ಅಂವ ಬರೂದ್ರಾಗ ನಾ ಮನಿಗೆ ಬಂದಿದ್ದೆ. ಅಪ್ಪನ ಸಿಟ್ಟು ಗೊತ್ತಿದ್ದದ್ದ. ಕಲ್ಮೇಶನ್ನ ಕೊಂದ ಬಿಡತಾನ ಅಂತ ಅಂಜಿ ನನ್ನ ಹೆಸರ ಹೇಳಿದಳು. ನನಗೂ ಕಲಿಸಿದಳು, ಅಪ್ಪ ಕೇಳಿದ್ರ ಹಿಂಗ ಹೇಳು ಅಂತ. ಓಣ್ಯಾಗ ಎಲ್ಲಾರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ.

"ಸಣ್ಣಾವನ ಮ್ಯಾಲ ಯಾರೂ ಕೈ ಎತ್ತೂದಿಲ್ಲಪಾ. ನೀ ಮರೀತಿ ಅಂದಿದ್ದೆ."

ಮರೀಲಿಲ್ಲ. ಆಗದ್ದನ್ನ ನೆನಪಿಟ್ಟೆ.

ಚಪ್ಲೀನೂ ನೀನ ಹೇಳಿದ್ದೇನು ಅಂತ ಕೇಳಿದೆ. ಇಲ್ಲಂತ. ರಾಣಿ ಚಪ್ಲೀನ ಹಾಕತಿರಲಿಲ್ಲಂತ. ಹಂಗಾರ ಅದನ್ನ ನಾನ ಮಾಡೇನಿ. ಅಕಿ ಸುಳ್ಳು ಕೊಟ್ಟಳು, ನಾ ಅದಕ್ಕ ನೀರು, ಬಿಸಲು, ಚಪ್ಲಿ ಎಲ್ಲಾ ಹಚ್ಚಿ ಖರೆ ಮಾಡಿದೆ. ಮೋಸ ಮಾಡಿದಾವ್ರ ಪೈಕಿ ನಾನೂ ಒಬ್ಬಾಂವ...

೪ ಆಗಸ್ಟ್, ರವಿವಾರ. ಸಂಜಿ

ಐದ ದಿನ ಬರೀಲಿಲ್ಲ. ಬರದದ್ದು ಖರೆ ಅಂತ ಯಾರು ಹೇಳಬೇಕು?

ಇವತ್ತ ಸುರೇಬಾನಕ್ಕ ಹೋಗಿ ಬಂದೆ. ಸವದತ್ತಿ ತನಕಾ ಬಸ್ಸಿನಾಗ ದೇವಿ ಗುಡ್ಡಕ್ಕ ಹೊಂಟ ಮಂದಿ, ನಿಂತಕೊಂಡ ಹೋದೆ. ಏನ ಅನಬೇಕು ಅಂತ ದಾರಿಗುಂಟ ಜೋಡಿಸಿದ್ದೆ.

ಕಲ್ಮೇಶ ಕಬ್ಬಿಗೆ ನೀರ ಹಾಯಸಾಕ ಹತ್ತಿದ್ದ. ಈ ಅಣ್ಣ ವರ್ಷಾ ಆಗಸ್ಟ್ ಹನ್ನೊಂದಕ್ಕ ಫೋನ್ ಮಾಡಾಂವ. ನೀ ಸಣ್ಣಾಂವ ಇದ್ದಿ, ನಿನ್ನ ತಪ್ಪಲ್ಲ ಅನ್ನಾಂವ. ಇಂಥಾ ಅಣ್ಣ ಯಾರಿಗೂ ಸಿಗೂದಿಲ್ಲ ಅಂತ ದುರ್ಗಾನ ಮುಂದ ಎಷ್ಟ ಸಲ ಅಂದೇನಿ. ತನ್ನ ತಪ್ಪಿಗೆ ನನಗ ಮಾಫಿ ಕೊಡತಿದ್ದ. ನಾ ತಗೋತಿದ್ದೆ.

ಕಾರ್ಡು ಕೊಟ್ಟೆ. ಸಲಿಕಿ ಕೆಳಗಿಟ್ಟು ನೋಡಿದ. ಸಿಟ್ಟಿಲ್ಲ, ಅಳುವಿಲ್ಲ. ಕಾರ್ಡು ತಿರುಗಿ ನನ್ನ ಕೈಗೆ ಕೊಟ್ಟು ಅಂದ —

"ನಂಗ ಆ ದಿನಾನ ನೆನಪಿಲ್ಲೋ ತಮ್ಮಾ. ಹೇಳಿ ಹೇಳಿ... ಈಗ ಕಣ್ಣು ಮುಚ್ಚಿದ್ರ ಅಲ್ಲಿ ನೀನ ಕಾಣತಿ."

ಹೊಡೀಬೇಕಂತ ಹೋಗಿದ್ದೆ. ಸುಳ್ಳು ಹೇಳಿದ್ರ ಹೊಡೀತಿದ್ದೆ. ಅಂವ ಖರೇನ ಹೇಳಾಕ ಹತ್ತಿದ್ದ, ಮಾರಿ ನೋಡಿದ್ರ ತಿಳೀತಿತ್ತು. ಚಾ ಕುಡೀಲಾರದ ಬಂದೆ.

ಆಗದ್ದು ಇಬ್ರಿಗೂ ಕಾಣತೈತಿ. ಆಗಿದ್ದು ಯಾರ ಹತ್ರಾನೂ ಇಲ್ಲ. ಅಕಿನ್ನ ಅಲ್ಲಿ ಕುಂಡ್ರಿಸಿದಾವ ಒಬ್ಬಾಂವ, ಅಂವನೂ ಕಳಕೊಂಡ. ಹಂಗಾರ ಅದು ಎಲ್ಲಿ ಐತಿ ಈಗ? ಆಗೇತಿ ಅನ್ನೂದರ ಹೆಂಗ?

೭ ಆಗಸ್ಟ್

ಸ್ನೇಹಲ್ ಟ್ರಿಪ್‌ಗೆ ಹೋಗಿ ಬಂದಳು. ಸಹಿ ಮಾಡಿ ಕಳಿಸಿದ್ದೆ. ಕಾರ್ಡು ದಿನಾ ಪೂರ್ತಿ ಕಿಸೆದಾಗ ಇತ್ತು, ಕೈ ತಾನ ತಾಸಿಗೊಮ್ಮೆ ಸಾಲಿ ಮಾಸ್ತರಗ ಫೋನ್ ಹಚ್ಚಿತು. ಒಬ್ಬರಿಗೆ ಚಷ್ಮಾದ ನಂಬರ್ ತಪ್ಪ ಬರದಕೊಟ್ಟೆ. ತಲಿಗೆ ಗೊತ್ತಾಗೇತಿ. ಕೈಗೆ ಇನ್ನೂ ಗೊತ್ತಾಗಿಲ್ಲ.

೧೧ ಆಗಸ್ಟ್, ಮುಂಜಾನಿ ೭

ಕಲ್ಮೇಶನ ಫೋನ್ ಇಲ್ಲ. ವರ್ಷಾ ಈ ದಿನ ರಾಣಿ ಹೆಸರಲೆ ಮಾಡೂ ಉಪಾಸ ಈ ಸಲ ಮಾಡಬೇಕೋ ಬ್ಯಾಡೋ ತಿಳೀವಲ್ದು. ಅವ್ವನ ಕೂಡ ಮಾತ ಬಿಟ್ಟು ಹದಿಮೂರ ದಿನ.

ಒಂದು ಹೊಳದೈತಿ, ಅಂಜಿಕಿ ಬರತೈತಿ. ಆ ಕೈ ಜಾರೂದು ಬಿಟ್ರ ರಾಣಿದು ನನ್ನ ಹತ್ರ ಏನೂ ಇಲ್ಲ. ಒಂದ ಫೋಟೋ ಸುದ್ಧಾ ಇಲ್ಲ. ಸುಳ್ಳು ತಗದ ಒಗದ್ರ ತಂಗೀನೂ ಹೋಗತಾಳ.

೯.೩೦

ಅವ್ವ ಬಂದು ಬಾಜೂಕ ಕುಂತಾಳ. ನಾ ಬರಿಯೂದು ನಿಲ್ಲಿಸಿಲ್ಲ, ತಲಿ ಎತ್ತಿಲ್ಲ. ತಾನ ಸುರು ಮಾಡ್ಯಾಳ.

ದವಾಖಾನಿಗಂತ ನನ್ನನ್ನ ಚಾದರದಾಗ ಸುತ್ತಿ ಬಸ್ಸಿಗೆ ಒಯ್ಯೂವಾಗ ರಾಣಿ ಬಾಗಲ ಹೊಚ್ಚಲದಾಗ ನಿಂತಿದ್ದಳಂತ. ತಿನ್ನಾಕ ಹತ್ತಿದ್ದ ಬೆಲ್ಲಾ ಅರ್ಧಾ ಕಡದು, ಅಣ್ಣಗ ಕೊಡು ಅಂತ ಹಟಾ ಮಾಡಿದಳಂತ.

ಇದು ಖರೇನೋ... ಇದನ್ನೂ ಈಗ ಕಟ್ಟಾಕ ಹತ್ಯಾಳೋ. ಕೇಳಬಾರದು. ಎದ್ದ ಹೋಗಬೇಕು.

ಹೊಚ್ಚಲಾ ಕಾಣಾಕ ಹತ್ತೇತಿ. ಬೆಲ್ಲದ ಜಿಗಟು ಕೈಗೆ ಹತ್ತೇತಿ. ಇನ್ನ ರಾಣಿ ಮಾರಿ —