ಅತಿಥಿಗೃಹದಲ್ಲಿ ಅಕ್ಕನನ್ನು ಸರಿಸಿದ ಬಗ್ಗೆ ಕುಲಸಚಿವರಿಗೆ

ಮಾನ್ಯ ಕುಲಸಚಿವರೇ,

ನಿಮ್ಮ ವಿಶ್ವವಿದ್ಯಾಲಯದ ಅತಿಥಿಗೃಹದಲ್ಲಿ ಎಲ್ಲರೂ ಅಕ್ಕ ಎನ್ನುವ, ಕಣ್ಣು ಕಾಣದ ಒಬ್ಬ ವಿದುಷಿಯನ್ನು ಕೋಣೆಯಿಂದ ಕೋಣೆಗೆ ಸರಿಸುತ್ತಿದ್ದಾರೆ. ಅದನ್ನು ನಿಲ್ಲಿಸಿ ಎಂದು ಕೇಳಲು ಈ ಬಹಿರಂಗ ಪತ್ರ. ನಾಲ್ಕು ಜನರೆದುರು ಏಕೆ ಕೇಳುತ್ತಿದ್ದೇನೆಂದರೆ, ಫೋನಿನಲ್ಲಿ ಕೇಳಿದ್ದು ನಿಮ್ಮ ಕಚೇರಿಯ ಹೊಸ್ತಿಲು ದಾಟಲಿಲ್ಲ.

ಈ ಸಂಗತಿಯನ್ನು ನನಗೆ ಮೊದಲು ಹೇಳಿದವನು ಅತಿಥಿಗೃಹದ ಅಡುಗೆಯವನು, ಈ ಮಂಗಳವಾರ ಸಂಜೆ, ಚಹಾದ ಹೊತ್ತಿಗೆ. ನಾನು ಹಳ್ಳಿಯಲ್ಲಿ ಕಥೆ ಕೇಳುತ್ತ ಬೆಳೆದವನು. ನಿಮ್ಮ ವಿದ್ಯಾರ್ಥಿಗಳಿಗೆ ಕಥೆ ಹೇಳಲೆಂದು ನೀವೇ ಕರೆಸಿದ್ದರಿಂದ ಅಂದು ಮಧ್ಯಾಹ್ನವಷ್ಟೇ ಬಂದಿಳಿದಿದ್ದೆ. ನನ್ನ ಜೊತೆ ಕೂತು ಕೇಳಿದವರು ಇಬ್ಬರು. ಒಬ್ಬರು ಮಣ್ಣಿನ ಪ್ರೊಫೆಸರು, ಇನ್ನೊಬ್ಬರು ಗಣಿತದ ಮೇಷ್ಟ್ರು. ಒಂದು ಕುರ್ಚಿ ಖಾಲಿ ಇತ್ತು. ಅದು ಯಾರದು ಎಂದೆ.

"ಅಕ್ಕಂದು ಸಾರ್," ಅಂದ ಅಡುಗೆಯವನು. "ಬೆರಳಿಗೆ ಪೆಟ್ಟಾದ ಮೇಲೆ ಈ ಕಡೆ ಬರ್ತಾ ಇಲ್ಲ. ನಾಳೆ ಮತ್ತೆ ಸರಿಸ್ತಾರಂತೆ."

ಸರಿಸುವುದೆಂದರೆ ಏನು ಎಂಬುದು ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದಿದ್ದರೆ ಇಲ್ಲಿ ಓದಿಕೊಳ್ಳಿ. ಯಾರಾದರೂ ದೊಡ್ಡವರು ಬಂದರೆ ಅವರಿಗೆ ಒಂದನೇ ಕೋಣೆ. ಅಲ್ಲಿದ್ದವರು ಎರಡಕ್ಕೆ, ಎರಡರಲ್ಲಿದ್ದವರು ಮೂರಕ್ಕೆ, ಹೀಗೇ ಕೊನೆಯವರೆಗೆ. ಕೊನೆಯ ಕೋಣೆ ಬಾಗಿಲು ತೆರೆದುಕೊಂಡು ಖಾಲಿ ಬಿದ್ದಿದ್ದರೂ ಬಂದವರನ್ನು ಅಲ್ಲಿಗೆ ಕಳಿಸುವಂತಿಲ್ಲ, ಅವರ ದೊಡ್ಡಸ್ತಿಕೆಗೆ ನೆಗಡಿಯಾದೀತು. ಎಲ್ಲ ಕೋಣೆಯಲ್ಲೂ ಅದೇ ಮಂಚ, ಅದೇ ಫ್ಯಾನು, ಅದೇ ಬಿಸಿಯಾಗದ ಬಿಸಿನೀರು. ಬಾಗಿಲ ಮೇಲಿನ ಅಂಕಿಯೊಂದೇ ಬೇರೆ. ಅಂಕಿಯ ಮೇಲೆ ಯಾರಾದರೂ ಮಲಗುತ್ತಾರೆಯೇ? ಹೋಗಲಿ, ಈ ದೊಡ್ಡವರಾದರೂ ಅಲ್ಲಿ ಮಲಗುತ್ತಾರೆಯೇ?

"ಎಲ್ಲಿ ಸಾರ್," ಅಂದ ಅಡುಗೆಯವನು. "ಮುಖ ತೊಳ್ಕೊಂಡು ಪೇಟೆ ಹೋಟ್ಲಿಗೆ ಹೋಗ್ತಾರೆ. ಅವರು ಮುಖ ತೊಳೆಯೋಕೆ ಇಲ್ಲಿರೋರೆಲ್ಲ ಗಂಟುಮೂಟೆ ಕಟ್ಟಬೇಕು."

ನನ್ನಂಥವನಿಗೆ ಇದರಿಂದ ಕಷ್ಟವೇನಿಲ್ಲ. ಒಂದು ಚೀಲ, ಎರಡು ಪಂಚೆ. ಆದರೆ ಅಕ್ಕ ಕೋಣೆಯನ್ನು ಕೈಯಿಂದ ಕಲಿಯಬೇಕು. ಮಂಚದಿಂದ ಮೇಜಿಗೆ, ಮೇಜಿನಿಂದ ಬಾಗಿಲಿಗೆ, ಗೋಡೆ ಸವರುತ್ತ, ಮೊಣಕಾಲಿಗೆ ಪೆಟ್ಟು ತಿನ್ನುತ್ತ ಕಲಿಯಬೇಕು. ಒಂದನೇ ಕೋಣೆಯನ್ನು ಕಲಿತರು, ಎರಡಕ್ಕೆ ಸರಿಸಿದಿರಿ. ಎರಡನ್ನು ಕಲಿತರು, ಮೂರಕ್ಕೆ ಸರಿಸಿದಿರಿ. ಮೂರರಲ್ಲಿ ಕುರ್ಚಿಯೊಂದು ದಾರಿಗೆ ಅಡ್ಡವಿತ್ತು. ಎಡವಿ, ಆಸರೆಗೆಂದು ಕೈ ಚಾಚಿದರು. ಕೈಗೆ ಸಿಕ್ಕಿದ್ದು ತೆರೆದಿದ್ದ ಕಬ್ಬಿಣದ ಬೀರು. ಅದರ ಬಾಗಿಲು ಮುಚ್ಚಿಕೊಂಡು ತೋರುಬೆರಳು ಸಂದಿಗೆ ಸಿಕ್ಕಿತು. ಅವರು ಉಬ್ಬು ಅಕ್ಷರ ಓದುವುದು ಆ ಬೆರಳಿನಿಂದ.

ಚಹಾ ಮುಗಿಸಿ ನಾವು ಮೂವರೂ ನೋಡಲು ಹೋದೆವು. ಅಕ್ಕನ ಅಜ್ಜಿ ಆಡುತ್ತಿದ್ದ ಭಾಷೆಯನ್ನು ಈಗ ಆಡುವವರು ಯಾರೂ ಉಳಿದಿಲ್ಲ. ತಿಳಿಯಬಲ್ಲವರು ಇವರೊಬ್ಬರೇ. ಆ ಭಾಷೆಯ ಹಳೆಯ ಟೇಪುಗಳು ನಿಮ್ಮ ಗ್ರಂಥಾಲಯದಲ್ಲಿವೆ. ಅವನ್ನು ಕೇಳಿ ಬರೆದಿಡಲೆಂದೇ ನೀವು ಅಕ್ಕನನ್ನು ಕರೆಸಿದ್ದು. ಉಬ್ಬು ಅಕ್ಷರದಲ್ಲಿ ಬರೆದದ್ದನ್ನು ಓದಿ ತಿದ್ದಲು ಆ ಬೆರಳೇ ಬೇಕು. ಕೆಲಸ ಅರ್ಧಕ್ಕೆ ನಿಂತಿದೆ.

"ಬೇರೆ ಬೆರಳಲ್ಲಿ ಓದೋಕಾಗಲ್ವಾ ಅಕ್ಕಾ?" ಎಂದೆ.

"ಅದು ಶಾಲೆಗೆ ಹೋಗಿಲ್ಲ ತಮ್ಮಾ," ಅಂದರು, ನಗುತ್ತಲೇ. "ಈ ಬೆರಳೇ ವಾಸಿ ಆಗ್ಲಿ. ಈ ಕೋಣೆ ಈಗ ತಾನೇ ಕೈಗೆ ಪಳಗಿದೆ. ಇಲ್ಲೇ ಬಿಟ್ರೆ ಮುಗಿಸಿಕೊಟ್ಟೇ ಹೋಗ್ತೀನಿ. ಇನ್ನೊಂದು ಸಲ ಹೊಸದಾಗಿ ಕುರುಡಿ ಆಗೋಕೆ ನನ್ನ ಕೈಲಾಗಲ್ಲ."

ಮ್ಯಾನೇಜರರ ಹತ್ತಿರ ಹೋಗಿ, ನನ್ನ ಏಳನೇ ಕೋಣೆಯನ್ನು ಬರುವವರಿಗೆ ಕೊಡಿ, ಅಕ್ಕನನ್ನು ಬಿಡಿ ಎಂದೆ.

"ಬರ್ತಿರೋದು ಪರಿಶೀಲನಾ ಸಮಿತಿಯೋರು. ಅವರನ್ನ ಏಳರಲ್ಲಿ ಇಟ್ರೆ ನನ್ನನ್ನ ಎಲ್ಲಿ ಇಡ್ತಾರೆ, ನೀವೇ ಹೇಳಿ ಯಜಮಾನ್ರೇ," ಅಂದರು. ಪಾಪ, ಅವರ ದನಿಯಲ್ಲಿ ಸೊಕ್ಕಿರಲಿಲ್ಲ. ನಮ್ಮ ಮುಂದೆಯೇ ನಿಮ್ಮ ಕಚೇರಿಗೆ ಫೋನು ಮಾಡಿದರು. ಆ ಕಡೆಯವರು ಕೇಳಿದ್ದು ಒಂದೇ: ಕಣ್ಣಿಲ್ಲದವರು ಯಾವ ದರ್ಜೆಗೆ ಬರುತ್ತಾರೆ? ದರ್ಜೆ ತಿಳಿಯದೆ ಏನೂ ಹೇಳಲಾಗದೆಂದು ಫೋನಿಟ್ಟರು. ನಿಮಗೆ ತಿಳಿದಿದೆಯೇ?

ಮರುದಿನ ಬೆಳಿಗ್ಗೆ ನಾವು ಮೂವರೂ ತೋಳೇರಿಸಿ ನಿಂತೆವು. ಸರಿಸುವುದು ತಪ್ಪದಿದ್ದರೆ, ನಾಲ್ಕನೇ ಕೋಣೆಯನ್ನೇ ಮೂರರ ಹಾಗೆ ಮಾಡಿಬಿಡೋಣ ಎಂದುಕೊಂಡೆವು. ಗಣಿತದ ಮೇಷ್ಟ್ರು ದಾರ ಹಿಡಿದು ಅಳೆದರು. ಮಣ್ಣಿನ ಪ್ರೊಫೆಸರು ಮಂಚದ ಒಂದು ಕಡೆ, ನಾನೊಂದು ಕಡೆ. ಮೇಜು ಕಿಟಕಿಯ ಕೆಳಗೆ ಬಂತು. ಕುರ್ಚಿ ಮೂಲೆ ಸೇರಿತು. ಬೀರುವನ್ನು ವರಾಂಡಕ್ಕೇ ಹಾಕಿದೆವು. ಅಕ್ಕ ಒಳಗೆ ಬಂದರು. ಮಂಚ ಸಿಕ್ಕಿತು, ಮೇಜು ಸಿಕ್ಕಿತು. "ಯಾರಪ್ಪಾ ಇದು ಮಾಡಿದ್ದು, ಕಳ್ಳರಾ," ಎಂದು ನಕ್ಕರು. ನಾವೂ ನಕ್ಕೆವು.

ಆಮೇಲೆ ಅವರು ಕೈ ತೊಳೆಯಲೆಂದು ಬಚ್ಚಲಿಗೆ ಹೊರಟರು. ಸರಸರನೆ ನಡೆದು ಹೋಗಿ ಗೋಡೆಗೆ ತಾಗಿ ನಿಂತರು. ಪಟ್ಟಿ ಕಟ್ಟಿದ ಬೆರಳನ್ನು ಎತ್ತಿಕೊಂಡು, ಉಳಿದ ಬೆರಳುಗಳಿಂದ ಗೋಡೆಯನ್ನು ಮೇಲೆ ಕೆಳಗೆ ಸವರಿದರು.

"ಇಲ್ಲಿ ಬಾಗಿಲಿತ್ತಲ್ಲ," ಅಂದರು.

ಗಣಿತದ ಮೇಷ್ಟ್ರು ತಲೆ ತಗ್ಗಿಸಿದರು. ವರಾಂಡದ ಆಚೆ ಸಾಲಿನ ಕೋಣೆಗಳನ್ನು ಈಚೆ ಸಾಲಿಗೆ ಕನ್ನಡಿ ಹಿಡಿದಂತೆ ಕಟ್ಟಿದ್ದಾರೆ. ಮೂರು ಈಚೆ, ನಾಲ್ಕು ಆಚೆ. ಮೂರರಲ್ಲಿ ಬಲಕ್ಕಿದ್ದ ಬಚ್ಚಲು ನಾಲ್ಕರಲ್ಲಿ ಎಡಕ್ಕೆ. ದಾರ ಹಿಡಿದು ಅಷ್ಟೆಲ್ಲ ಅಳೆದವರು ಗೋಡೆಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕಣ್ಣಿದ್ದ ಮೂವರಲ್ಲಿ ಯಾರಿಗೂ ಅದು ಹೊಳೆಯಲಿಲ್ಲ.

ಅಕ್ಕ ಹಿಂದಿರುಗಿ ಬಂದು ಮಂಚದ ಮೇಲೆ ಕೂತರು. "ನೀವು ಮಾಡಿದ್ದೇ ದೊಡ್ಡದು," ಅಂದರು. ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡು, "ಶುಕ್ರವಾರದ ಬಸ್ಸಿಗೆ ಟಿಕೆಟ್ ತೆಗೆಸಿಕೊಡ್ತೀಯಾ ತಮ್ಮಾ?" ಅಂದರು. ತೆಗೆಸಿಕೊಟ್ಟಿದ್ದೇನೆ. ಬೇರೇನು ಮಾಡಲಿ?

ಕುಲಸಚಿವರೇ, ಶುಕ್ರವಾರದೊಳಗೆ ಮೂರನೇ ಕೋಣೆಯ ಬೀಗದ ಕೈಯನ್ನು ಅಕ್ಕನಿಗೆ ಮರಳಿ ಕೊಡಿಸಿ. ಟೇಪುಗಳು ಮುಗಿಯುವವರೆಗೆ ಯಾರೇ ಬರಲಿ, ಅವರನ್ನು ಅಲ್ಲಿಂದ ಏಳಿಸಕೂಡದು ಎಂದು ಒಂದು ಮಾತು ಹೇಳಿ. ಮಂಚ ಮೇಜು ಹೊರುವುದು ನಮ್ಮಿಂದಾಯಿತು. ಗೋಡೆ ನಿಮ್ಮದು.

ಇಂತಿ,
ನೀವು ಕರೆಸಿದ್ದಕ್ಕೆ ಬಂದು, ಇನ್ನೊಬ್ಬ ಅತಿಥಿಯ ಟಿಕೆಟ್ ತೆಗೆಸಿಕೊಟ್ಟು ಕೂತಿರುವ
ಕಥೆ ಹೇಳುವವನು