ದ್ವಾದಶಿಯ ತೀರ್ಥದಲ್ಲಿ ಬಂದದ್ದು

ಹೊಸಪೇಟೆ
ಭಾವ ಸಂವತ್ಸರದ ಕಾರ್ತಿಕ ಶುದ್ಧ ತ್ರಯೋದಶಿ, 1934

ಪ್ರೀತಿಯ ಮಗ ವ್ಯಾಸರಾಜನಿಗೆ,

ನಿನ್ನ ತಾಯಿಯ ಆಶೀರ್ವಾದ. ನೂರು ವರ್ಷ ಬಾಳು. ಉಪ್ಪುನೀರಿನಲ್ಲಿ ನಿಂತು ನಿಂತು ಬಿರುಕು ಬಿಟ್ಟಿದ್ದ ಹಿಮ್ಮಡಿ ಈಗ ಹೇಗಿದೆ? ಕಳಿಸಿದ ಹರಳೆಣ್ಣೆ ಹಚ್ಚಿಕೊಳ್ಳುತ್ತೀಯೋ ಇಲ್ಲವೋ? ರಾಮೇಶ್ವರದ ಬಳಿಯ ಆ ದ್ವೀಪದಲ್ಲಿ ಮೊಸರು ಸಿಗುತ್ತದೆಯೇ? ಬಿರುಗಾಳಿಗೆ ನೀವು ಕೆಲಸ ಮಾಡುವ ಶೆಡ್ಡಿನ ಚಾವಣಿ ಹಾರಿಹೋಯಿತೆಂದು ಓದಿ ಎದ್ದು ನಿಂತುಬಿಟ್ಟೆ. ನಿನಗೇನೂ ಆಗಲಿಲ್ಲ ಎಂಬ ಸಾಲು ಕಂಡ ಮೇಲೆಯೇ ಕೆಳಗೆ ಕುಳಿತೆ. ನಾನು ಚೆನ್ನಾಗಿದ್ದೇನೆ. ನಿನ್ನ ಸೋದರತ್ತೆ ಕೃಷ್ಣಾಬಾಯಿಯವರು ಮಾತ್ರ ನಿನ್ನೆಯಿಂದ ಗಂಜಿಯ ಮೇಲಿದ್ದಾರೆ. ಯಾಕೆಂದು ಬರೆಯುವುದಕ್ಕೂ ನನಗೆ ಹೇಸಿಗೆ. ಆದರೆ ನಿನ್ನ ಆ ಅತ್ತೆಯವರು ಎದುರಿಗೇ ಕುಳಿತಿದ್ದಾರೆ, ಒಂದೊಂದು ಸಾಲನ್ನೂ ಓದಿ ಹೇಳಿಸಿಕೊಳ್ಳುತ್ತಿದ್ದಾರೆ, ಬರೆಯದೆ ವಿಧಿಯಿಲ್ಲ.

ನೀನು ಬಾಟಲಿ ಕೊಟ್ಟು ಕಳಿಸಿದ್ದೆಯಲ್ಲ, ಆ ಬಿಂದಾಚಾರ್ಯರು ರಾಮೇಶ್ವರದ ಯಾತ್ರೆ ಮುಗಿಸಿ, ದಶಮಿಯ ದಿನ ಹಂಪಿಯ ತಮ್ಮ ಮನೆಗೂ ಹೋಗದೆ ಮೊದಲು ನಮ್ಮಲ್ಲಿಗೇ ಬಂದರು. ನಿಮ್ಮ ತಂದೆ ತೀರಿಕೊಂಡ ಮೇಲೆ ಹಬ್ಬ ಹುಣ್ಣಿಮೆಯ ಪೂಜೆಗೆ ಬರುವವರು ಅವರೇ ತಾನೆ. ಬಾಟಲಿಯನ್ನು ಎರಡೂ ಕೈಯಿಂದ ಇಳಿಸಿ, "ನಿಮ್ಮ ಮಗ ಕೊಟ್ಟಾನ್ರಿ, ಸೇತುವಿಂದ. ಭಾಳ ಜ್ವಾಪಾನ ಅಂದಾನ" ಎಂದರು. ತಿಳಿಯಾದ ನೀರು, ತಳದಲ್ಲಿ ಬೆಳ್ಳನೆಯ ಮರಳು, ಬಿರಡೆಗೆ ಮೇಣ. ಸೇತುವಿನಿಂದ ಬಂದ ಬಾಟಲಿಯಲ್ಲಿ ಸೇತು ತೀರ್ಥವಲ್ಲದೆ ಇನ್ನೇನಿರುತ್ತದೆ? ಮರಳಿನ ಮೇಲೆ ಮಲಗಿದ್ದ ಆ ಚಿಕ್ಕ ವಸ್ತುವನ್ನು ನಾನು ದರ್ಭೆಯ ಚೂರು ಎಂದುಕೊಂಡೆ. ನೀನು ಆಚಾರ್ಯರಿಗೆ ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ಒಳಗೆ ಸೀಗಡಿ ಇದೆ ಎಂದಿದ್ದರೆ ಅವರು ಅದನ್ನು ರೈಲಿನ ಕಿಟಕಿಯಿಂದ ಸಮುದ್ರಕ್ಕೇ ಎಸೆಯುತ್ತಿದ್ದರೆಂದು ನಿನಗೆ ಚೆನ್ನಾಗಿ ಗೊತ್ತಿತ್ತು. ನಾನಂತೂ ಮಗ ಕೊನೆಗೂ ದಾರಿಗೆ ಬಂದನೆಂದು ಕಣ್ಣೀರು ಹಾಕಿದೆ. ಬಾಟಲಿಗೆ ಗೋಪಿಚಂದನ ಹಚ್ಚಿ, ತುಳಸಿ ಏರಿಸಿ, ದೇವರ ಮನೆಯಲ್ಲಿ ಸಾಲಿಗ್ರಾಮದ ಪಕ್ಕದಲ್ಲಿಟ್ಟೆ.

ನಿನ್ನೆ ಉತ್ಥಾನ ದ್ವಾದಶಿ. ಏಕಾದಶಿಯ ನಿಟ್ಟುಪವಾಸ ಮಾಡಿ, ಹೊಟ್ಟೆ ಬೆನ್ನಿಗೆ ಹತ್ತಿದ ಇಬ್ಬರು ಮುದುಕಿಯರು ತೀರ್ಥಕ್ಕೆ ಕಾದು ಕುಳಿತಿದ್ದೆವು. ಆಚಾರ್ಯರು ಅಭಿಷೇಕ ಮುಗಿಸಿ ಆ ಬಾಟಲಿಯನ್ನು ಪೂರ್ತಿಯಾಗಿ ತೀರ್ಥದ ಬಟ್ಟಲಿಗೆ ಬಗ್ಗಿಸಿದರು. ಘಾಟು ಬಂತು. ಕೆಡದಿರಲೆಂದು ಮಗ ಪಚ್ಚ ಕರ್ಪೂರ ಹಾಕಿರಬೇಕೆಂದು ನಾನೇ ಸಮಾಧಾನ ಹೇಳಿದೆ, ನನ್ನ ಬಾಯಿಗೆ ಬೆಂಕಿ ಹಾಕ. ಮೊದಲ ಉದ್ಧರಣೆ ಅತ್ತೆಯವರಿಗೆ. ನುಂಗಿದವರೇ ಎದೆ ಹಿಡಿದುಕೊಂಡು ಕೆಮ್ಮಿದರು, ಕಣ್ಣು ಮೂಗಿನಲ್ಲೆಲ್ಲ ನೀರು. ಆಚಾರ್ಯರು ಗಾಬರಿಯಾಗಲಿಲ್ಲ. "ಸೇತು ತೀರ್ಥ ಹಂಗ ಇರ್ತದ ತಾಯಿ, ಪಾಪ ಸುಡಬೇಕಲ್ಲ" ಎಂದು ನನ್ನ ಅಂಗೈಗೆ ಹಾಕಿದರು. ಹಾಕಿದ್ದು ಬರೀ ನೀರಲ್ಲ, ವ್ಯಾಸ. ಹುಣಸೆಬೀಜದಷ್ಟು ಹುಳ. ಸುಣ್ಣದ ತಿಳಿಯ ಬಣ್ಣ, ಮೈಯೆಲ್ಲ ಕಾಲು, ಕೂದಲಿಗಿಂತ ಸಣ್ಣ ಮೀಸೆ, ಒಂದು ಕೈ ಕಡ್ಡಿ, ಇನ್ನೊಂದು ಕೈ ತನ್ನ ಮೈಯಷ್ಟೇ ದಪ್ಪ, ಸಾಸಿವೆಯಂಥ ಎರಡು ಕಣ್ಣು ನನ್ನನ್ನೇ ನೋಡುತ್ತಿದ್ದವು. ಕೈ ಬಾಯಿಯ ತನಕ ಬಂದಿತ್ತು. ಥೂ!

ಕೈ ಕೊಡವಿದೆ, ಅದು ಹೋಗಿ ಆಚಾರ್ಯರ ಪಂಚೆಯ ಮೇಲೆ ಕುಳಿತಿತು. ಅವರು ಎದ್ದ ರಭಸಕ್ಕೆ ಬಾಟಲಿ ಉರುಳಿ ಒಡೆಯಿತು. ಅತ್ತೆಯವರು ಅಂಗಳದಲ್ಲೇ ವಾಂತಿ ಮಾಡಿಕೊಂಡರು. ಕೊಟ್ಟಿಗೆ ಬಳಿಯುತ್ತಿದ್ದ ಹೊಳೆಮ್ಮ ಓಡಿ ಬಂದವಳು ಬಗ್ಗಿ ನೋಡಿ, "ಇದು ಸೀಗಡಿ ಐತ್ರೀ ಅವ್ವಾರ. ಒಣಗಿಸಿ ಸಾರು ಮಾಡಿದ್ರ ಮಸ್ತ್ ಇರ್ತೈತಿ" ಎಂದಳು. ಅಷ್ಟು ಕೇಳಿದ್ದೇ ಅತ್ತೆಯವರಿಗೆ ಮತ್ತೊಂದು ಸಲ ಬಂತು. ಹೊಳೆಮ್ಮ ಅದನ್ನು ಪೊರಕೆಯಿಂದ ಬಳಿದು ಹಿತ್ತಿಲಿನ ತಿಪ್ಪೆಗೆ ಹಾಕಿದಳು. ಸಾಲಿಗ್ರಾಮಕ್ಕೆ ಪಂಚಗವ್ಯ, ನಮಗೆ ಪಂಚಗವ್ಯ, ದೇವರ ಮನೆಗೆ ಸಗಣಿ. ಪಾರಣೆಯ ಹೊತ್ತು ಮೀರಿಹೋಯಿತು. ಸಂಜೆ ಓಣಿಯವರೆಲ್ಲ ತುಳಸಿ ಮದುವೆ ಮಾಡಿದರೆ ನಮ್ಮ ತುಳಸಿ ಒಂದು ದೀಪ ಕಂಡಿತು, ಅಷ್ಟೇ.

ಸಗಣಿ ಸಾರಿಸಿದ ನೆಲ ಆರುವ ಮೊದಲೇ ಟಪಾಲಿನವನು ನಿನ್ನ ಕಾಗದ ತಂದ. ಎರಡು ವರ್ಷ ಹವಳದ ಬಂಡೆಗಳನ್ನು ತಡಕಿ ಹಿಡಿದದ್ದೆಲ್ಲ ಬಿರುಗಾಳಿಗೆ ಒಡೆದು ಹೋಗಿ, ಉಳಿದದ್ದು ಈ ಒಂದೇ ಬಾಟಲಿಯಂತೆ. ಅಂಥ ದಪ್ಪ ಕೈಯ ಸೀಗಡಿಯನ್ನು ಲೋಕದಲ್ಲಿ ಇನ್ನೂ ಯಾರೂ ಬರೆದಿಟ್ಟಿಲ್ಲವಂತೆ. ಹವಳದ ಸಂದಿಯಲ್ಲಿ ಕುಳಿತು ಆ ಕೈಯಿಂದ ಚಿಟಿಕೆ ಹೊಡೆಯುತ್ತದಂತೆ. ಮಾರ್ಗಶಿರದಲ್ಲಿ ತಂದೆಯ ಶ್ರಾದ್ಧಕ್ಕೆ ಬಂದು ಬಾಟಲಿಯನ್ನು ನೀನೇ ಕಲ್ಕತ್ತೆಗೆ ಒಯ್ಯುತ್ತೀಯಂತೆ. ಕಣ್ಣಾರೆ ಕಾಣದೆ ಅಲ್ಲಿನ ಪಂಡಿತರು ನಂಬುವುದಿಲ್ಲವಂತೆ, ಅದಿಲ್ಲದಿದ್ದರೆ ಎರಡು ವರ್ಷದ ದುಡಿಮೆ ನೀರಿನಲ್ಲಿ ಹೋಮವಂತೆ. ಇದೆಲ್ಲ ಸಾಲದೆಂಬಂತೆ ಅದಕ್ಕೆ ನನ್ನ ಹೆಸರಿಡುತ್ತೀಯಂತೆ! ಲೇ ವ್ಯಾಸ, ನಿನ್ನನ್ನು ಹೆತ್ತದ್ದಕ್ಕೆ ಇದೇ ಏನು ಮರ್ಯಾದೆ? ಯಾವ ದೇಶದವರೋ ಬಾಟಲಿ ಅಲ್ಲಾಡಿಸಿ ಇಂದಿರಾಬಾಯಿ ಎಂದು ಕರೆಯಬೇಕೇನು? ಖಬರದಾರ್.

ಚಿಕ್ಕವನಿದ್ದಾಗ ಬಸವಣ್ಣ ಕಾಲುವೆಯಿಂದ ಏಡಿ ಹಿಡಿದು ತಂದು ನನ್ನ ಮಡಿ ನೀರಿನ ತಂಬಿಗೆಯಲ್ಲಿ ಬಿಟ್ಟವನು ನೀನು. ಹುಟ್ಟುಗುಣ ಸುಟ್ಟರೂ ಹೋಗದು. ಮಗ ಹವಳದ ಸಮುದ್ರದಲ್ಲಿ ಕೆಲಸಕ್ಕಿದ್ದಾನೆಂದು ನಾನು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ, ಒಬ್ಬೊಬ್ಬರೂ ಸರಕ್ಕೆ ಹವಳ ತರಿಸಿಕೊಡಿರೆಂದು ಕೇಳಿದರು. ಹವಳ ಬಿಟ್ಟು ಅದರ ಸಂದಿಯ ಹುಳ ಹೆಕ್ಕುತ್ತಾನೆಂದು ಯಾವ ಮುಖದಿಂದ ಹೇಳಲಿ? ಆ ಕೈಯಿಂದಲೇ ಅಲ್ಲವೇ ನೀನು ಅನ್ನ ಉಣ್ಣುವುದು?

ಅತ್ತೆಯವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ: "ಹುಳ ತಿಪ್ಪಿಗೆ ಹೋತು, ಪೀಡಾ ಕಳೀತು ಅಂತ ಬರಿ. ಪಂಚಗವ್ಯ ತಗೊಳ್ಳದ ಹೊಸ್ತಿಲ ದಾಟಬ್ಯಾಡ ಅಂತ ಬರಿ." ಬರೆದಿದ್ದೇನೆ. ನೀನೂ ಹಾಗೆಯೇ ನಡೆದುಕೊ. ಮಳೆಯಲ್ಲಿ ನೆನೆಯಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು. ಹನುಮಂತದೇವರು ನಿನ್ನನ್ನು ಕಾಯಲಿ.

ನಿನ್ನ ತಾಯಿ,
ಇಂದಿರಾಬಾಯಿ

ತಾ.ಕ.: ಅತ್ತೆಯವರು ಸ್ನಾನಕ್ಕೆ ಎದ್ದರು, ಬೇಗ ಬೇಗ ಬರೆಯುತ್ತೇನೆ. ಹುಳ ಇದೆ. ನಿನ್ನ ಕಾಗದ ಓದಿದ ಮೇಲೆ, ಅವರು ಮಲಗಿದ್ದನ್ನು ನೋಡಿ ತಿಪ್ಪೆಗೆ ಹೋಗಿ ಕೈಯಿಂದಲೇ ಕೆದಕಿದೆ. ಇರುವೆ ಮುತ್ತಿದ್ದವು. ಒಂದೆರಡು ಕಾಲು ಹೋಗಿವೆ, ನಿನ್ನ ಆ ದಪ್ಪ ಕೈ ಇದೆ. ಬಾಟಲಿಯೊಳಗಿನ ಸ್ಪಿರಿಟ್ ಆರಿದರೆ ಹುಳ ಕೊಳೆಯುತ್ತದೆಂದು ನೀನು ಬರೆದಿದ್ದೆ, ಸ್ಪಿರಿಟ್ ಎಂದು ನಾನು ಯಾರನ್ನು ಕೇಳಲಿ? ಹೊಳೆಮ್ಮನ ಕೈಯಲ್ಲಿ ಸಾರಾಯಿ ತರಿಸಿದೆ. ಈರುಳ್ಳಿ ಕೂಡ ಬಾರದ ಈ ಮನೆಗೆ ನನ್ನ ಕೈಯಿಂದ ಸಾರಾಯಿ ಬಂತು. ನಿಮ್ಮ ತಂದೆಯ ಕಣ್ಣಿನ ಮದ್ದಿನ ಸೀಸೆಯಲ್ಲಿ ಹಾಕಿ ಬೆರಣಿ ಗೂಡಿನಲ್ಲಿಟ್ಟಿದ್ದೇನೆ. ಇಡುವಾಗ ಬಿಸಿಲಿಗೆ ಹಿಡಿದು ನೋಡಿದೆ. ಹೊಟ್ಟೆಯಡಿಯಲ್ಲಿ ಗಸಗಸೆಯಂಥ ಮೊಟ್ಟೆಗಳಿವೆ. ಅಷ್ಟೆಲ್ಲ ಬಿದ್ದು ಎದ್ದರೂ ಅವನ್ನು ಅವುಚಿಕೊಂಡೇ ಇದೆ, ರಂಡೆ. ಅಸಹ್ಯವೇನೂ ಕಡಿಮೆಯಾಗಿಲ್ಲ. ಸೀಗೆಪುಡಿ ಹಾಕಿ ತಿಕ್ಕಿದರೂ ಅನ್ನ ಕಲಸುವಾಗ ಕೈ ನಾರುತ್ತದೆ. ಹಿತ್ತಿಲ ಬಾಗಿಲಿನಿಂದ ಬಂದು ಮೊದಲು ಅದನ್ನು ತೆಗೆದುಕೊ. ಹೆಸರು ನನ್ನದೇ ಇಡು. ಅತ್ತೆಯವರಿಗೆ ಹೇಳಬೇಡ.