ಜೋರಾಗಿ ಓದಿದ ಪಾಸ್‌ವರ್ಡ್

19-9-2008, ಶುಕ್ರವಾರ. ಅರಸೀಕೆರೆ



ನನ್ನ ಟೈಪಿಂಗ್-ಜೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ವಿಂಡೋಸ್ ತೆಗೆಸಿ ಲಿನಕ್ಸ್ ಹಾಕಿಸಿ ಹತ್ತು ದಿನ. ಮಧ್ಯಾಹ್ನ ಭದ್ರತೆಯ ಅಪ್‌ಡೇಟ್ ಬಂದಿದೆ ಎಂದು ತೋರಿಸಿತು. ಲಿನಕ್ಸ್ ಹಾಕಿದ ದೇವರಾಜ್ ಬರೆದುಕೊಟ್ಟ ಚೀಟಿ ನೋಡಿಕೊಂಡು ಒಂದೊಂದೇ ಸಾಲು ಟೈಪ್ ಮಾಡಿದೆ. ಪಾಸ್‌ವರ್ಡ್ ಕೇಳಿತು. ಎಷ್ಟು ಒತ್ತಿದರೂ ಪರದೆ ಮೇಲೆ ಒಂದು ಚುಕ್ಕಿಯೂ ಮೂಡಲಿಲ್ಲ. ಕೀಬೋರ್ಡ್ ಕೆಟ್ಟಿತೇನೋ ಎಂದುಕೊಂಡು, ಇಪ್ಪತ್ತು ವರ್ಷದ ಟೈಪಿಂಗ್ ಅಭ್ಯಾಸದಂತೆ ಒಂದೊಂದೇ ಅಕ್ಷರ ಜೋರಾಗಿ ಹೇಳುತ್ತಾ ಮತ್ತೆ ಒತ್ತಿದೆ. ಅಪ್‌ಡೇಟ್ ಆಯಿತು! ಕೀಬೋರ್ಡ್ ಸರಿಯೇ ಇತ್ತು; ಪಾಸ್‌ವರ್ಡ್ ಯಾರಿಗೂ ಕಾಣದಂತೆ ಇಡುವುದೇ ಲಿನಕ್ಸ್ ರೀತಿ.

ಜೆರಾಕ್ಸಿಗೆ ನಿಂತಿದ್ದ ಹನುಮಯ್ಯ, "ಏನ್ಲಾ ಚಿಕ್ಕಣ್ಣ, ಬೀಗ ಜಡ್ದು ಕೀಲಿಕೈ ಊರಿಗೆಲ್ಲಾ ಹಂಚ್ತಾ ಇದೀಯಲ್ಲೋ!" ಎಂದ. ಸರದಿಯಲ್ಲಿದ್ದವರೆಲ್ಲಾ ನಕ್ಕರು. ನಾನೂ ನಕ್ಕು, ಅಂಗಡಿ ತೆರೆದೇ ಬಿಟ್ಟು ಊಟಕ್ಕೆ ಬಂದೆ.

ತುತ್ತು ಬಾಯಿಗಿಡುವಾಗ ನೆನಪಾಯಿತು. ಹೈಸ್ಕೂಲಿನ ಮಂಜುಳಾ ಮೇಡಂ ನನ್ನನ್ನು ನಂಬಿ ಟೈಪಿಗೆ ಕೊಟ್ಟ ಸೋಮವಾರದ ಗಣಿತ ಪ್ರಶ್ನೆಪತ್ರಿಕೆ ಆ ಕಂಪ್ಯೂಟರಿನೊಳಗೇ ಇದೆ. ನಕ್ಕವರಲ್ಲಿ ಇಬ್ಬರ ಮಕ್ಕಳು ಅದೇ ಪರೀಕ್ಷೆಗೆ ಕೂರುವವರು.

ಪಾಸ್‌ವರ್ಡ್ ಬದಲಾಯಿಸುವುದು ಹೇಗೆಂದು ಚೀಟಿಯಲ್ಲಿಲ್ಲ. ದೇವರಾಜ್ ಫೋನ್ ಎತ್ತುತ್ತಿಲ್ಲ. ಕಂಪ್ಯೂಟರನ್ನೇ ಬಿಚ್ಚಿ ಮನೆಗೆ ತಂದೆ. "ಇದ್ಕೂ ಚಾಪೆ ಹಾಸ್ಲೇನ್ರೀ?" ಎಂದಳು ಹೆಂಡತಿ. ನಗು ಬರಲಿಲ್ಲ.

ನಾನು ಊಟಕ್ಕೆ ಬಂದಿದ್ದ ಆ ಅರ್ಧ ಗಂಟೆಯಲ್ಲಿ ಯಾರಾದರೂ ನೋಡಿದರೋ ಇಲ್ಲವೋ, ಗೊತ್ತಿಲ್ಲ. ಬೆಳಿಗ್ಗೆ ಮೇಡಂ ಮನೆಗೆ ಹೋಗಿ ಹೇಳಲೇಬೇಕು, ಬೇರೆ ಪತ್ರಿಕೆ ಬರೆಯಿರಿ ಅಂತ. ನನ್ನ ಮುಖ ಕಂಡರೇ ನಗುವ ಹೆಂಗಸು ಅವರು. ಇದನ್ನೂ ತಮಾಷೆ ಎಂದುಕೊಂಡು ನಕ್ಕುಬಿಟ್ಟರೆ ಸೋಮವಾರ ಅದೇ ಪತ್ರಿಕೆ ಕೊಟ್ಟುಬಿಡುತ್ತಾರೆ.